ಹೈದರಾಬಾದಿನಲ್ಲಿ ಮದುವೆ: ಮಂಟಪ ಗೊತ್ತುಮಾಡುವ ಮುನ್ನ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವವರಲ್ಲಿ ಹೆಚ್ಚಿನವರು ತಿಂಗಳ ಸಂಬಳದವರು, ಇಲ್ಲವೆ ವಾರದ ಬಟವಾಡೆಯವರು. ಮಗಳ ಮದುವೆಗೋ ತಂಗಿಯ ಮದುವೆಗೋ ಅವರು ಕೂಡಿಡುವ ಹಣ ಐದಾರು ವರ್ಷಗಳ ದುಡಿಮೆಯದು. ಅದು ವೆಚ್ಚವಾಗುವುದು ಮಾತ್ರ ಒಂದೂವರೆ ದಿನದಲ್ಲಿ. ಮದುವೆಯಲ್ಲಿ ದುಂದು ಮಾಡಬಾರದೆಂದು ಬುದ್ಧಿ ಹೇಳುವ ಲೇಖನಗಳು ಬೇಕಾದಷ್ಟು ಬಂದಿವೆ. ನಮ್ಮ ಉದ್ದೇಶ ಅದಲ್ಲ. ದುಂದು ಮಾಡದವರ ಹಣವೂ ಸೋರಿ ಹೋಗುವುದುಂಟು. ಅದು ಎಲ್ಲಿ ಸೋರುತ್ತದೆಂಬುದನ್ನು ಇಲ್ಲಿ ವಿಚಾರಿಸೋಣ. ನಮ್ಮ ಅಭಿಪ್ರಾಯದಲ್ಲಿ ಅದು ಸೋರುವ ಮೊದಲನೆಯ ತೂತು ಆಡಂಬರವಲ್ಲ, ಗಡಿಯಾರ. ಮಂಟಪದವರ 'ಒಂದು ದಿನ' ಬೇರೆ, ನಮ್ಮ ಮದುವೆಯ 'ಒಂದು ದಿನ' ಬೇರೆ. ಇದನ್ನು ತಿಳಿಯದೆ ಬಯಾನ ಕೊಟ್ಟವನು ಮುಂದೆ ಅಡಿಗೆಯವನ ಹತ್ತಿರ, ಶಾಮಿಯಾನದವನ ಹತ್ತಿರ, ಕೊನೆಗೆ ಬೀಗರ ಹತ್ತಿರವೂ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಅದಕ್ಕೂ ಮೊದಲು, ಮದುವೆ ಇಲ್ಲಿ ಮಾಡುವುದೋ ಊರಲ್ಲಿ ಮಾಡುವುದೋ ಎಂಬ ಪ್ರಶ್ನೆಯುಂಟು. 1956ರ ನವೆಂಬರ್ 1ರವರೆಗೆ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಕಚೇರಿ, ಕೋರ್ಟು, ಕಾಲೇಜು ಎಂದು ಬಂದವರು ಇಲ್ಲಿಯೇ ನೆಲೆನಿಂತರು. ರಾಜ್ಯಗಳು ಬೇರೆಯಾದ ಮೇಲೂ ಕೂಲಿ, ಗಾರೆ ಕೆಲಸ, ಗುಮಾಸ್ತಿಕೆ ಹುಡುಕಿಕೊಂಡು ಜನ ಬರುತ್ತಲೇ ಇದ್ದಾರೆ. ಹೀಗಾಗಿ ನಮ್ಮವರ ಬಂಧುಬಳಗ ಗಡಿಯ ಎರಡೂ ಕಡೆ ಹಂಚಿಹೋಗಿದೆ. 'ಇಲ್ಲಿ ಮಾಡಿದರೆ ಖರ್ಚು, ಊರಲ್ಲಿ ಮಾಡಿದರೆ ಅಗ್ಗ' ಎಂದು ಎಲ್ಲರೂ ಅನ್ನುವರಾದರೂ ಲೆಕ್ಕ ಹಾಕಿದವರು ಕಡಿಮೆ.

ಲೆಕ್ಕ ಹಾಕುವ ಕ್ರಮ ಸುಲಭ. ಕರೆಯಬೇಕಾದವರ ಹೆಸರುಗಳನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದು, ಎರಡು ಗುಂಪು ಮಾಡಿರಿ: ಉಣ್ಣಲು ಮಾತ್ರ ಬರುವವರು, ರಾತ್ರಿ ಮಲಗಲು ಬರುವವರು. ಉಣ್ಣಲು ಬರುವವರಿಗೆ ಒಂದು ಎಲೆ ಸಾಕು. ಮಲಗಲು ಬರುವವರಿಗೆ ರಾತ್ರಿಯ ಊಟ, ಬೆಳಗಿನ ಫಳಾರ, ಬಿಸಿನೀರು, ಹಾಸಿಗೆ, ಮಧ್ಯಾಹ್ನದ ಊಟ, ಮರಳಿ ಹೋಗುವಾಗ ದಾರಿಯ ಬುತ್ತಿ, ಎಲ್ಲವೂ ಬೇಕು. ಮಲಗುವವರೊಬ್ಬರು ಉಣ್ಣುವವರು ಮೂವರಿಗೆ ಸಮ ಎಂದು ಹಿಡಿದರೆ ಹೆಚ್ಚು ತಪ್ಪಾಗದು. ಒಟ್ಟು ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಡಿಯ ಆಚೆಯಿಂದ ಬಂದು ಮಲಗತಕ್ಕವರಾದರೆ, ಮದುವೆಯನ್ನು ಊರಲ್ಲಿಯೇ ಮಾಡಿ, ಇಲ್ಲಿನ ಕಚೇರಿಯವರಿಗೂ ನೆರೆಹೊರೆಯವರಿಗೂ ಆಮೇಲೆ ಒಂದು ಸಂಜೆ ಚಹಾ ಫಳಾರ ಕೊಡುವುದು ಲೇಸು. ಇಲ್ಲಿನವರೇ ಹೆಚ್ಚಾಗಿದ್ದರೆ ಹೈದರಾಬಾದಿನಲ್ಲಿಯೇ ಮಾಡಬಹುದು.

ಇಲ್ಲಿ ಮಾಡುವುದೆಂದು ನಿಶ್ಚಯವಾದ ಮೇಲೆ ಮಂಟಪ ಯಾವ ಕಡೆಗಿರಬೇಕೆಂಬುದನ್ನು ಬರುವವರ ದಾರಿಯೇ ಹೇಳುತ್ತದೆ. ಬಸ್ಸಿನವರು ಇಳಿಯುವುದು ಇಮ್ಲಿಬನ್ನಿನ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ. ಎರಡು ಮೆಟ್ರೊ ಮಾರ್ಗಗಳು ಅಲ್ಲಿ ಕೂಡುತ್ತವೆ. ರಾಯಚೂರಿನ ಕಡೆಯವರಿಗೆ ಕೃಷ್ಣಾ ಮಾರ್ಗವಾಗಿ ಕಾಚಿಗೂಡಕ್ಕೆ ನೇರ ರೈಲು 2023ರ ಅಕ್ಟೋಬರ್ 1ರಂದು ಆರಂಭವಾಯಿತು. ಬೀದರ, ಕಲಬುರ್ಗಿಯ ರೈಲುಗಳು ವಿಕಾರಾಬಾದ್ ಮೇಲಾಗಿ ಬಂದು ಹೆಚ್ಚಾಗಿ ನಾಂಪಲ್ಲಿ ಅಥವಾ ಸಿಕಂದರಾಬಾದನ್ನು ಮುಟ್ಟುತ್ತವೆ. ಆದುದರಿಂದ ಕಾಚಿಗೂಡ, ಬರ್ಕತ್‌ಪುರ, ನಾರಾಯಣಗುಡ, ಚಿಕ್ಕಡಪಲ್ಲಿ ಸುತ್ತಿನ ಹಳೆಯ, ಸಾಧಾರಣ ಮಂಟಪವು, ಊರ ಹೊರಗಿನ ವಿಶಾಲವಾದ ತೋಟದ ಮಂಟಪಕ್ಕಿಂತ ನಮ್ಮಂಥವರಿಗೆ ಅನುಕೂಲ. ತೋಟದ ಬಾಡಿಗೆ ಕಡಿಮೆಯೆಂದು ಕಂಡರೂ ಜನರನ್ನು ಸಾಗಿಸುವ ಬಸ್ಸಿನ ಬಾಡಿಗೆಯನ್ನು ಅದಕ್ಕೆ ಸೇರಿಸಿ ನೋಡಬೇಕು. ಇನ್ನೊಂದು ಮಾತು: 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಟಿಕೀಟು 120 ದಿನಕ್ಕಲ್ಲ, 60 ದಿನ ಮುಂಚೆ ಮಾತ್ರ ಸಿಗುತ್ತದೆ. ಮಂಟಪ ಆರು ತಿಂಗಳ ಮುಂಚೆ ಗೊತ್ತಾದರೂ ಟಿಕೀಟಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬೇರೆಯಾಗಿ ಗುರುತು ಹಾಕಿಕೊಳ್ಳಬೇಕು.

ಇನ್ನು ಗಡಿಯಾರದ ವಿಷಯ. ಕನ್ನಡಿಗರದೂ ತೆಲುಗರದೂ ಪಂಚಾಂಗ ಒಂದೇ ಕ್ರಮದ್ದು. ಇಬ್ಬರಿಗೂ ಯುಗಾದಿ ಒಂದೇ ದಿನ, ಆಷಾಢ ಒಂದೇ, ಅಧಿಕಮಾಸ ಒಂದೇ. ಗುರು ಶುಕ್ರರ ಅಸ್ತಕ್ಕೆ ನಾವು ಮೌಢ್ಯವೆನ್ನುವೆವು, ಅವರು ಮೂಢಂ ಎನ್ನುವರು. ಆ ದಿನಗಳಲ್ಲಿ ಇಬ್ಬರೂ ಮದುವೆ ಮಾಡುವುದಿಲ್ಲ. ಇದರ ಫಲವೇನೆಂದರೆ ನಮಗೆ ಒಳ್ಳೆಯದೆಂದು ಕಂಡ ಮುಹೂರ್ತವು ಈ ಊರಿನ ಲಕ್ಷಾಂತರ ಮನೆಗಳಿಗೂ ಒಳ್ಳೆಯದೆಂದು ಕಾಣುತ್ತದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬಿದ್ದಿರುವುದರಿಂದ ಬೇಸಿಗೆ ರಜೆಯ ಲಗ್ನಗಳೆಲ್ಲ ಅದರ ಹಿಂದುಮುಂದಿನ ಕೆಲವೇ ದಿನಗಳಿಗೆ ನೂಕಿಕೊಳ್ಳುವುವು. ಅಂಥ ದಿನಗಳಲ್ಲಿ ಮಂಟಪದವನು ಹೇಳಿದ್ದೇ ದರ. ಶಾಸ್ತ್ರ ನೋಡುವವರು ಪುರೋಹಿತರನ್ನು ಒಂದೇ ಲಗ್ನ ಕೇಳದೆ, ಮೂರು ನಾಲ್ಕು ಲಗ್ನ ಬರೆಯಿಸಿಕೊಂಡು ಬರಬೇಕು. ಅವುಗಳಲ್ಲಿ ಭಾನುವಾರವಲ್ಲದ್ದನ್ನು ಮೊದಲು ವಿಚಾರಿಸಬೇಕು. ಶರಣರ ಮಾತಿನಂತೆ ಮುಹೂರ್ತ ನೋಡದವರು, ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯದ ರೀತಿ ಮದುವೆಯಾಗುವವರು, ರಿಜಿಸ್ಟರ್ ಮದುವೆಯವರು, ಇವರಿಗೆ ಈ ಊರಿನಲ್ಲಿ ದೊಡ್ಡ ಲಾಭವುಂಟು: ಮೂಢಂ ದಿನಗಳಲ್ಲಿ ಅದೇ ಮಂಟಪದ ಬೀಗದ ಕೈ ಬಹಳ ಕಡಿಮೆಗೆ ಸಿಗುತ್ತದೆ.

ಈ ಊರಿನ ಮದುವೆಗಳ ಹೊತ್ತೂ ಗಮನಿಸತಕ್ಕದ್ದು. ತೆಲುಗರಲ್ಲಿ ಅನೇಕರ ಸುಮುಹೂರ್ತ ರಾತ್ರಿಯದು, ಕೆಲವೊಮ್ಮೆ ನಡುರಾತ್ರಿ ದಾಟಿದ ಮೇಲಿನದು. ಮುಸಲ್ಮಾನ ಬಂಧುಗಳ ನಿಕಾಹ್, ವಲೀಮಾ ಊಟಗಳು ಇಲ್ಲಿ ರಾತ್ರಿ ಬಹಳ ಹೊತ್ತಿಗೆ ನಡೆಯುವುವು. ನಮ್ಮದೋ, ಹಿಂದಿನ ಸಂಜೆ ಬೀಗರನ್ನು ಎದುರುಗೊಳ್ಳುವುದು, ಆರತಕ್ಷತೆ ಅಥವಾ ದೇವರ ಕಾರ್ಯ. ಮರುದಿನ ಬೆಳಿಗ್ಗೆ ಅರಿಷಿಣ, ಸುರಗಿ, ಮಧ್ಯಾಹ್ನದ ಮುಂಚೆ ಧಾರೆ ಅಥವಾ ಅಕ್ಷತೆ, ಬಳಿಕ ಊಟ. ಅಂದರೆ ನಮ್ಮ ಮದುವೆ ಒಂದು ರಾತ್ರಿಯನ್ನು ನಡುವೆ ಇಟ್ಟುಕೊಂಡು ಎರಡು ದಿನಗಳ ಮೇಲೆ ಕಾಲು ಚಾಚಿ ಮಲಗುತ್ತದೆ. ಮಂಟಪದವರು ದಿನವನ್ನು ಬೆಳಗಿನ ಆರರಿಂದ ನಡುರಾತ್ರಿಯವರೆಗೆ ಎಂದು ಎಣಿಸುವವರಾದರೆ ನಮಗೆ ಎರಡು ದಿನದ ಬಾಡಿಗೆ ಬೀಳುತ್ತದೆ. ಸಂಜೆಯಿಂದ ಸಂಜೆಗೆ 24 ಗಂಟೆ ಎಣಿಸುವವರಾದರೆ ಒಂದೇ ದಿನ.

ಲೆಕ್ಕದ ಸಲುವಾಗಿ ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಮಂಟಪದ ದಿನದ ಬಾಡಿಗೆ 60,000 ರೂಪಾಯಿ, ಬೆಳಗಿನಿಂದ ನಡುರಾತ್ರಿಯ ಎಣಿಕೆ. ಇನ್ನೊಂದರ ಬಾಡಿಗೆ 85,000, ಸಂಜೆ ನಾಲ್ಕರಿಂದ ಮರುದಿನ ಸಂಜೆ ನಾಲ್ಕರ ಎಣಿಕೆ. ಕೇಳಿದ ಕೂಡಲೆ ಮೊದಲನೆಯದೇ ಅಗ್ಗವೆಂದು ತೋರುವುದು. ಆದರೆ ನಮ್ಮ ಕ್ರಮದ ಮದುವೆಗೆ ಅದರ ಬಾಡಿಗೆ 1,20,000. ಇದು ಬಾಡಿಗೆ ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆಯಲ್ಲ, ಗಂಟೆ ಯಾರದು ಎಂಬ ಪ್ರಶ್ನೆ. ಆದುದರಿಂದ ಬಾಡಿಗೆಯನ್ನು ಕೇಳುವುದಕ್ಕೂ ಮೊದಲು ಇಷ್ಟನ್ನು ಕೇಳಬೇಕು: ಕೀಲಿಕೈ ಎಷ್ಟು ಹೊತ್ತಿಗೆ ಕೊಡುವಿರಿ, ಅಡಿಗೆಯವನು ಎಷ್ಟು ಹೊತ್ತಿಗೆ ಒಲೆ ಹಚ್ಚಬಹುದು, ನಾವು ಎಷ್ಟು ಹೊತ್ತಿಗೆ ಖಾಲಿ ಮಾಡಬೇಕು, ಅದೇ ದಿನ ರಾತ್ರಿ ಬೇರೆಯವರ ಕಾರ್ಯವಿದ್ದರೆ ಅವರ ಅಲಂಕಾರದವರು ಎಷ್ಟು ಹೊತ್ತಿಗೆ ಒಳಗೆ ಬರುವರು. ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಮ್ಮ ಕೊನೆಯ ಪಂಕ್ತಿ ಉಣ್ಣುತ್ತಿರುವಾಗ ಬೇರೆಯವರು ಬಂದು ಏಣಿ ಹಾಕಿ ನಮ್ಮ ಹೂವಿನ ಚಪ್ಪರ ಕಿತ್ತರೆ ಜಗಳಕ್ಕೆ ಬೇರೆ ಕಾರಣ ಬೇಡ.

ಪಂಕ್ತಿಯ ಮಾತು ಬಂದುದರಿಂದ ಊಟದ ಕೋಣೆಯ ಲೆಕ್ಕವನ್ನೂ ಇಲ್ಲೇ ಹೇಳುವೆವು. ಮಂಟಪದವರು 'ಸಾವಿರ ಜನ ಹಿಡಿಯುತ್ತದೆ' ಎಂದರೆ ಅದು ಕುರ್ಚಿಯ ಮಾತು, ಎಲೆಯ ಮಾತಲ್ಲ. ಊಟದ ಕೋಣೆಯಲ್ಲಿ ಒಮ್ಮೆಗೆ 120 ಜನ ಕೂಡಬಲ್ಲರೆಂದು ಇಟ್ಟುಕೊಳ್ಳಿ. ಬಡಿಸಿ, ಉಂಡು, ಎಲೆ ತೆಗೆದು, ಒರೆಸಿ, ಮತ್ತೆ ಹಾಸಲು ಮುಕ್ಕಾಲು ಗಂಟೆ ಬೇಕು. 500 ಜನಕ್ಕೆ ಐದು ಪಂಕ್ತಿ. ಮೂರು ಮುಕ್ಕಾಲು ಗಂಟೆ. ಹನ್ನೆರಡು ಗಂಟೆಗೆ ಅಕ್ಷತೆ ಬಿದ್ದು, ಕೂಡಲೆ ಮೊದಲ ಪಂಕ್ತಿ ಕೂತರೂ ಕೊನೆಯವರು ಏಳುವಾಗ ನಾಲ್ಕು ಗಂಟೆಗೆ ಕಾಲು ಗಂಟೆ ಕಡಿಮೆ. ಮೂರಕ್ಕೆ ಖಾಲಿ ಮಾಡಬೇಕೆಂಬ ಕರಾರಿಗೆ ಸಹಿ ಹಾಕಿದವನ ಪಾಡೇನು? ಇಂಥಲ್ಲಿ ಹಿರಿಯರಿಗೆ ಎಲೆ, ಉಳಿದವರಿಗೆ ನಿಂತು ಉಣ್ಣುವ ಬಫೆ ಎಂದು ಎರಡು ಏರ್ಪಾಡು ಮಾಡುವುದುಂಟು. ನಮ್ಮಲ್ಲಿ ಕೆಲವರಿಗೆ ಅದು ಒಗ್ಗದು. ಒಗ್ಗದಿದ್ದರೆ ದೊಡ್ಡ ಊಟದ ಕೋಣೆಯ ಮಂಟಪವನ್ನೇ ಹುಡುಕಬೇಕು, ವೇದಿಕೆ ಚಿಕ್ಕದಾದರೂ ಚಿಂತೆಯಿಲ್ಲ.

ಮಂಟಪವನ್ನು ನೋಡಲು ಹೋದಾಗ ಎಲ್ಲರ ಕಣ್ಣೂ ವೇದಿಕೆಯ ಸೋಫಾದ ಮೇಲೆ. ನೋಡಬೇಕಾದದ್ದು ಹಿಂಬಾಗಿಲು. ಹರಿಯಾಣದ ಡಬ್ವಾಲಿಯಲ್ಲಿ 1995ರ ಡಿಸೆಂಬರ್ 23ರಂದು ಮದುವೆ ಮಂಟಪವೊಂದರಲ್ಲಿ ಶಾಲೆಯ ವಾರ್ಷಿಕೋತ್ಸವ ನಡೆಯುತ್ತಿದ್ದಾಗ ಶಾಮಿಯಾನಕ್ಕೆ ಬೆಂಕಿ ಹತ್ತಿ ನಾನೂರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು ಮತ್ತು ತಾಯಂದಿರು, ಸತ್ತರು. ಹೊರಬರಲು ದಾರಿ ಸಾಲದಾಯಿತು. ತಮಿಳುನಾಡಿನ ಶ್ರೀರಂಗದಲ್ಲಿ 2004ರ ಜನವರಿ 23ರಂದು ಕಲ್ಯಾಣಮಂಟಪದ ಚಪ್ಪರಕ್ಕೆ ಬೆಂಕಿ ಬಿದ್ದು ವರನೂ ಸೇರಿ ಐವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ನಮ್ಮ ಅಂಬರ್‌ಪೇಟೆಯಲ್ಲಿಯೇ 2019ರ ನವೆಂಬರಿನಲ್ಲಿ ಮದುವೆಯ ದಿನ ಫಂಕ್ಷನ್ ಹಾಲೊಂದರ ಗೋಡೆ ಕುಸಿದು ಜನ ಪ್ರಾಣ ಕಳೆದುಕೊಂಡರು. ಶುಭಕಾರ್ಯದ ಲೇಖನದಲ್ಲಿ ಇವನ್ನೇಕೆ ಹೇಳುವಿರೆಂದು ಯಾರಾದರೂ ಕೇಳಬಹುದು. ಮನೆಯವರು ಹೂವಿನ ಬಣ್ಣ ಆರಿಸುತ್ತಿರುವಾಗ ಒಬ್ಬನಾದರೂ ಹೋಗಿ, ಎರಡನೆಯ ಬಾಗಿಲು ಇದೆಯೇ, ಅದಕ್ಕೆ ಬೀಗ ಹಾಕಿದೆಯೇ, ಅದರ ಮುಂದೆ ಹಳೆಯ ಕುರ್ಚಿ ಒಟ್ಟಿದ್ದಾರೆಯೇ ಎಂದು ನೋಡಲಿ ಎಂಬುದಕ್ಕೆ. ಅಡಿಗೆಯ ಗ್ಯಾಸು ಸಿಲಿಂಡರುಗಳು ಊಟದ ಕೋಣೆಯಿಂದ ದೂರವಿರಬೇಕು. ಜೊತೆಗೆ ನೀರು: ಬೋರಿನದೋ, ನಲ್ಲಿಯದೋ, ಟ್ಯಾಂಕರಿನದೋ, ಬೇಸಿಗೆಯಲ್ಲಿ ಟ್ಯಾಂಕರಿನ ಹಣ ಯಾರದು? ಅಜ್ಜ ಅಜ್ಜಿಯರು ಮಲಗುವ ಕೋಣೆ ಮೂರನೆಯ ಮಹಡಿಯಲ್ಲಿದ್ದು ಲಿಫ್ಟು ಇಲ್ಲದಿದ್ದರೆ ಅದು ಕೋಣೆಯೇ ಅಲ್ಲ.

ಅಡಿಗೆಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇಲ್ಲಿ ಎರಡು ಪದ್ಧತಿಗಳಿವೆ. ಒಂದು, ಸಾಮಾನು ನಮ್ಮದು, ಕೈಕೆಲಸ ಅಡಿಗೆ ಭಟ್ಟರದು. ಅವರು ಬರೆದುಕೊಟ್ಟ ಪಟ್ಟಿ ಹಿಡಿದು ಬೇಗಂಬಜಾರಿನ ಸಗಟು ಅಂಗಡಿಗಳಲ್ಲಿ ಬೇಳೆ, ಬೆಲ್ಲ, ಎಣ್ಣೆ, ಮಸಾಲೆ ತಂದರೆ ಹಣ ಉಳಿಯುತ್ತದೆ. ಆದರೆ ನಂಬಿಕೆಯ ಒಬ್ಬ ಮನುಷ್ಯ ಉಗ್ರಾಣದ ಕೀಲಿಕೈ ಇಟ್ಟುಕೊಂಡು ಮದುವೆಯನ್ನೇ ನೋಡದೆ ಕೂಡಬೇಕು. ಅಂಥ ಸೋದರಮಾವನೋ ಚಿಕ್ಕಪ್ಪನೋ ಇದ್ದರೆ ಈ ಪದ್ಧತಿ, ಇಲ್ಲದಿದ್ದರೆ ಬೇಡ. ಇನ್ನೊಂದು, ಕೇಟರಿಂಗಿನವರಿಗೆ ತಟ್ಟೆಗೆ ಇಷ್ಟೆಂದು ಗುತ್ತಿಗೆ. ಇಲ್ಲಿ ಹಣ ಸೋರುವ ಜಾಗ 'ಗ್ಯಾರಂಟಿ' ಎಂಬ ಮಾತು. 500 ತಟ್ಟೆ ಗ್ಯಾರಂಟಿ ಎಂದು ಒಪ್ಪಿ, ಬಂದವರು 380 ಆದರೂ 500ಕ್ಕೇ ಹಣ ಕೊಡಬೇಕು. ತಟ್ಟೆಗೆ 300 ರೂಪಾಯಿ ಎಂದು ಹಿಡಿದರೆ ಬಾರದ 120 ಜನರ ಊಟಕ್ಕೆ 36,000 ರೂಪಾಯಿ. ಒಬ್ಬ ಗಾರೆ ಮೇಸ್ತ್ರಿ ಎಷ್ಟು ದಿನ ಬಿಸಿಲಲ್ಲಿ ನಿಂತರೆ ಈ ಹಣ ಹುಟ್ಟುತ್ತದೆಂಬುದನ್ನು ಓದುಗರೇ ಎಣಿಸಲಿ.

ನಮ್ಮ ಸಲಹೆ ಇದು. ಲಗ್ನಪತ್ರಿಕೆಗಳನ್ನು ಎಣಿಸಬೇಡಿ, ಪತ್ರಿಕೆ ಕೊಟ್ಟವರೆಲ್ಲ ಬರುವುದಿಲ್ಲ, ಬಂದವರು ಒಬ್ಬರೇ ಬರುವುದಿಲ್ಲ. ಮೊದಲು ಹೇಳಿದ ನೋಟುಪುಸ್ತಕದಲ್ಲಿ ಹೆಸರಿನ ಮುಂದೆ 'ಖಂಡಿತ', 'ಬಂದಾರು', 'ಸಂಶಯ' ಎಂದು ಗುರುತು ಹಾಕಿ. ಖಂಡಿತ ಎಂದವರ ಸಂಖ್ಯೆಯನ್ನೇ ಗ್ಯಾರಂಟಿಯಾಗಿ ಕೊಟ್ಟು, ಅದರ ಮೇಲೆ ನೂರು ಜನ ಬಂದರೆ ಅದೇ ದರಕ್ಕೆ ಬಡಿಸಬೇಕೆಂದು ಬರೆಯಿಸಿಕೊಳ್ಳಿ. ಒಪ್ಪದ ಕೇಟರಿಂಗಿನವರು ಇರುವರು, ಒಪ್ಪುವವರೂ ಇರುವರು. ತಟ್ಟೆಯ ಎಣಿಕೆ ಹೇಗೆಂಬುದನ್ನೂ ಮೊದಲೇ ತೀರ್ಮಾನಿಸಬೇಕು: ಊಟಕ್ಕೆ ಮುಂಚೆ ಎರಡೂ ಕಡೆಯವರು ಕೂಡಿ ಜೋಡಿಸಿಟ್ಟ ತಟ್ಟೆಗಳನ್ನು ಎಣಿಸಿ ಬರೆದಿಡುವುದು, ಮುಗಿದ ಮೇಲೆ ಉಳಿದವನ್ನು ಎಣಿಸಿ ಕಳೆಯುವುದು. ಎಲೆಯಾದರೂ ಹೀಗೆಯೇ. ಮಕ್ಕಳ ತಟ್ಟೆಗೆ ಅರ್ಧ ದರವೇ, ಬ್ಯಾಂಡಿನವರ, ಡ್ರೈವರುಗಳ, ಫೋಟೊದವರ ಊಟ ಯಾರ ಲೆಕ್ಕ ಎಂಬುದನ್ನು ಅಂದೇ ಕೇಳಬೇಕು. ಅಡಿಗೆಯವರ ಬಳಿ ಆಹಾರ ಸುರಕ್ಷತಾ ಇಲಾಖೆಯ ಹದಿನಾಲ್ಕು ಅಂಕಿಗಳ ನೋಂದಣಿ ಅಥವಾ ಲೈಸೆನ್ಸು ಸಂಖ್ಯೆ ಇರತಕ್ಕದ್ದು. ಅದನ್ನು ಕರಾರಿನ ಕಾಗದದಲ್ಲಿ ಬರೆಯಿಸಿರಿ.

ರುಚಿಯ ಮಾತೂ ಉಂಟು. ತೆಲುಗು ಅಡಿಗೆಯವರಿಗೆ 'ಹೋಳಿಗೆ' ಎಂದರೆ ತಿಳಿಯದಿದ್ದರೆ 'ಬೊಬ್ಬಟ್ಲು' ಎನ್ನಿ, ಜೋಳದ ರೊಟ್ಟಿಗೆ 'ಜೊನ್ನ ರೊಟ್ಟೆ'. ಆದರೆ ಐನೂರು ಜನಕ್ಕೆ ಬಿಸಿ ರೊಟ್ಟಿ ಬಡಿಯುವ ಕೈಗಳು ಮಂಟಪದಲ್ಲಿ ಸಿಗುವುದು ಕಷ್ಟ. ಊರಿನಿಂದ ಬರುವವರು ಕಟಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಮೂಟೆ ಕಟ್ಟಿ ತರುವುದೇ ವಾಸಿ. ಬಗಾರ ಅನ್ನ, ಖುಬಾನಿ ಮೀಠಾ ಈ ಊರಿನವರಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು; ಅದನ್ನು ಅವರಿಗೇ ಬಿಡಬೇಕು. ಖಾರ ಎಷ್ಟು ಬೇಕೆಂದು ಬಾಯಿಂದ ಹೇಳಿದರೆ ಸಾಲದು, ಒಂದು ದಿನ ಅವರು ಬೇರೆ ಕಾರ್ಯಕ್ಕೆ ಅಡಿಗೆ ಮಾಡುವಲ್ಲಿಗೆ ಹೋಗಿ ರುಚಿ ನೋಡಿ ಬರಬೇಕು.

ಈಗ ಕಾಗದ. ಮಂಟಪದ ರಸೀತಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಏನಿದೆಯೆಂದು ಓದದೆ ಹಣ ಕೊಡಬಾರದು. ಅದು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದು ತಿಳಿಯದಿದ್ದರೆ ನಮ್ಮ ವಾಚನಾಲಯಕ್ಕೆ ತನ್ನಿ. ಸಂಜೆ ಯಾರಾದರೂ ಓದಿ ಹೇಳುವರು. ಬಾಡಿಗೆ ಎಂದ ಮೊತ್ತದಲ್ಲಿ ಕರೆಂಟು ಸೇರಿದೆಯೇ ಅಥವಾ ಮೀಟರಿನ ಯೂನಿಟ್ಟಿಗೆ ಬೇರೆಯೇ, ಜನರೇಟರಿನ ಡೀಸೆಲ್ ಯಾರದು, ಕಸ ಗುಡಿಸುವ ಹಣ ಬೇರೆಯೇ, ಜಿಎಸ್‌ಟಿ ಸೇರಿದೆಯೇ, ಠೇವಣಿ ಎಷ್ಟು, ಅದನ್ನು ಎಂದು ಮರಳಿ ಕೊಡುವರು ಎಂಬಿವೆಲ್ಲ ಬರಹದಲ್ಲಿರಬೇಕು. ಕೆಲವು ಮಂಟಪಗಳಲ್ಲಿ ಅಲಂಕಾರವನ್ನೂ ಅಡಿಗೆಯನ್ನೂ ಅವರು ಹೇಳಿದವರಿಗೇ ಕೊಡಬೇಕು. ಹೊರಗಿನವರನ್ನು ತಂದರೆ ಅದಕ್ಕೊಂದು ದಂಡದಂಥ ಹಣ. ಇದು ಅನ್ಯಾಯವೆಂದು ನಮಗೆ ತೋರುವುದಾದರೂ, ಮೊದಲೇ ತಿಳಿದಿದ್ದರೆ ಬೇರೆ ಮಂಟಪ ನೋಡಬಹುದು. ತಿಳಿಯುವುದು ಸಾಮಾನ್ಯವಾಗಿ ಬಯಾನ ಕೊಟ್ಟ ಮೇಲೆ, ಕಷ್ಟವಿರುವುದು ಅಲ್ಲಿ. ನಗರಪಾಲಿಕೆಯು ಕೆಲವು ಬಡಾವಣೆಗಳಲ್ಲಿ ಕಟ್ಟಿರುವ ಸಭಾಂಗಣಗಳನ್ನೂ, ಮಠ ದೇವಾಲಯಗಳ ಕಲ್ಯಾಣಮಂಟಪಗಳನ್ನೂ ಖಾಸಗಿಯವಕ್ಕಿಂತ ಮುಂಚೆ ವಿಚಾರಿಸುವುದು ಒಳ್ಳೆಯದು.

ಕಾರ್ಯ ನಿಂತುಹೋದರೆ ಹಣವೇನಾಗುತ್ತದೆಂಬ ಮಾತನ್ನು ಆಡಲು ನಮ್ಮ ಹಿರಿಯರು ಹಿಂಜರಿಯುವರು, ಅಶುಭವೆಂದು. 2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿತು. ಆಮೇಲೆ ಮದುವೆಗೆ ಅನುಮತಿ ಸಿಕ್ಕಾಗಲೂ ಐವತ್ತು ಜನಕ್ಕೆ ಮಾತ್ರ. ಸಾವಿರ ಜನಕ್ಕೆಂದು ಮಂಟಪ ಹಿಡಿದವರು, ಬಯಾನ ಮರಳಿ ಬರುವುದೋ ಇಲ್ಲವೋ ಎಂದು ಅಲೆದಾಡಿದರು. ಕೈಯಲ್ಲಿ ಕಾಗದವಿದ್ದವರಿಗೆ ವಾದಿಸಲು ನೆಲವಿತ್ತು, ಬರೇ ಮಾತಿನ ಮೇಲೆ ಕೊಟ್ಟವರಿಗೆ ಅದೂ ಇರಲಿಲ್ಲ. ಸರಕಾರದ ಆಜ್ಞೆಯಿಂದ, ಸಾವಿನಿಂದ, ಇಲ್ಲವೆ ಸಂಬಂಧವೇ ಮುರಿದು ಕಾರ್ಯ ನಿಂತರೆ ಎಷ್ಟು ದಿನ ಮುಂಚೆ ತಿಳಿಸಿದರೆ ಎಷ್ಟು ಹಣ ಮರಳುತ್ತದೆಂದು ಬರೆಯಿಸಿಕೊಳ್ಳುವುದರಲ್ಲಿ ಅಶುಭವೇನೂ ಇಲ್ಲ. ಬಯಾನವನ್ನು ಆದಷ್ಟು ಕಡಿಮೆ ಕೊಟ್ಟು, ನಗದಿನ ಬದಲು ಬ್ಯಾಂಕಿನ ಮೂಲಕವೋ ಫೋನಿನಲ್ಲೋ ಕಳುಹಿಸಿದರೆ ಗುರುತು ಉಳಿಯುತ್ತದೆ. ಮೋಸವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಹಾಕಬಹುದಾದುದರಿಂದ, ಊರಲ್ಲಿ ಮಂಟಪ ಹಿಡಿದು ಇಲ್ಲಿ ಕೆಲಸ ಮಾಡುವವರು ಇಲ್ಲಿಂದಲೇ ದಾವೆ ನಡೆಸಬಹುದು. ಮೊದಲ ಸಲಹೆಗೆ 1915 ಎಂಬ ದೂರವಾಣಿ ಸಂಖ್ಯೆಯಿದೆ.

ಇಷ್ಟೆಲ್ಲ ಲೆಕ್ಕವನ್ನು ಒಂದೇ ಮಾತು ಕೆಡಿಸಬಲ್ಲದು: 'ನಮ್ಮ ಕಡೆಯವರಿಗೆ ಆ ಮಂಟಪವೇ ಆಗಬೇಕು' ಎಂದು ಗಂಡಿನ ಕಡೆಯ ಹಿರಿಯರು ನಿಶ್ಚಿತಾರ್ಥದಲ್ಲಿ ಆಡುವ ಮಾತು. ಹೆಣ್ಣಿನ ತಂದೆ ಅದಕ್ಕೆ ಎದುರಾಡಲಾರ. ಮಗಳು ನಾಳೆ ಆ ಮನೆಯಲ್ಲಿ ಬಾಳಬೇಕು. ಅವನು ಬಡ್ಡಿಗೆ ಸಾಲ ತೆಗೆಯುವುದು ಆ ರಾತ್ರಿಯೇ. ವರದಕ್ಷಿಣೆಯನ್ನು ನಿಷೇಧಿಸಿ 1961ರಲ್ಲಿಯೇ ಕಾಯಿದೆಯಾಯಿತು. ಹಣದ ಹೆಸರು ಹೇಳಲು ಅಂಜುವವರು ಮಂಟಪದ ಹೆಸರು ಹೇಳುತ್ತಾರೆ. ನಾವು ಕಂಡಂತೆ ಇದಕ್ಕೆ ಇರುವ ಉಪಾಯ ಒಂದೇ: ಮಂಟಪ ನೋಡಲು ಹೋಗುವುದಕ್ಕೂ ಮೊದಲು, ಎರಡೂ ಮನೆಯವರು ಕೂತು, ಬಾಡಿಗೆ ಅರ್ಧರ್ಧ, ಊಟ ಅವರವರ ಜನಕ್ಕೆ ಅವರವರದು ಎಂದು ಹಿರಿಯರೊಬ್ಬರ ಮುಂದೆ ತೀರ್ಮಾನಿಸುವುದು. ಅರ್ಧ ಹಣ ತಾನು ಕೊಡಬೇಕಾದಾಗ ಯಾವ ಬೀಗರಿಗೂ ಸಾಧಾರಣ ಮಂಟಪ ಅಷ್ಟೊಂದು ಚಿಕ್ಕದಾಗಿ ಕಾಣುವುದಿಲ್ಲ. ಈ ಮಾತನ್ನು ಹೆಣ್ಣಿನ ಕಡೆಯವರು ಎತ್ತುವುದು ಕಷ್ಟ. ನಮ್ಮ ಓದುಗರಲ್ಲಿ ಗಂಡುಮಕ್ಕಳ ತಂದೆಯರೂ, ಮದುವೆಗೆ ನಿಂತಿರುವ ತರುಣರೂ ಇದ್ದಾರೆ, ಅವರೇ ಎತ್ತಲಿ.

ಏನೂ ಮಾಡಲಾರದಷ್ಟು ಕೈ ಬಿಗಿಯಾಗಿರುವವರಿಗೆ ಬೇರೆ ದಾರಿಗಳಿಲ್ಲದಿಲ್ಲ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ತೆಲಂಗಾಣ ಸರಕಾರವು 2014ರಲ್ಲಿ ಆರಂಭಿಸಿದ ಕಲ್ಯಾಣಲಕ್ಷ್ಮಿ ಸಹಾಯವು ಈ ರಾಜ್ಯದ ನಿವಾಸಿಗಳಿಗೆ ಮಾತ್ರ, ಆದಾಯದ ಮಿತಿಯೂ ಉಂಟು. ಇಲ್ಲಿ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳು ಮೀಸೇವಾ ಕೇಂದ್ರದಲ್ಲಿ ವಿಚಾರಿಸಬಹುದು.

ಉಳಿದ ಕಸುಬಿನವರ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಪುರೋಹಿತರನ್ನಾಗಲಿ ಜಂಗಮರನ್ನಾಗಲಿ ಕರೆಯುವಾಗ ನಮ್ಮ ಮನೆತನದ ಪದ್ಧತಿ ಅವರಿಗೆ ಗೊತ್ತೇ ಎಂದು ಕೇಳಿ, ಸಾಮಾನಿನ ಪಟ್ಟಿಯನ್ನು ಹದಿನೈದು ದಿನ ಮುಂಚೆ ತರಿಸಿಕೊಳ್ಳಬೇಕು. ಫೋಟೊದವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ತೆಲುಗರ ಮದುವೆಯಲ್ಲಿ ಸುಮುಹೂರ್ತವೆಂದರೆ ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುವ ಕ್ಷಣ. ಈ ಊರಿನ ಫೋಟೊದವರ ಕೈ ಅದಕ್ಕೇ ಪಳಗಿದೆ. ಧಾರೆಯೆರೆಯುವುದು ಯಾವಾಗ, ಅಕ್ಕಿಕಾಳು ಬೀಳುವುದು ಯಾವಾಗ ಎಂದು ತಿಳಿಸದಿದ್ದರೆ ಅವರು ಆ ಹೊತ್ತಿಗೆ ಚಹಾ ಕುಡಿಯುತ್ತಿರುವರು. ಮನೆಯ ಒಬ್ಬ ಹುಡುಗ ಅವರ ಪಕ್ಕದಲ್ಲಿ ನಿಂತು ಹೇಳುತ್ತಿರಲಿ. ಹೂವನ್ನು ಗುಡಿಮಲ್ಕಾಪುರದ ಸಗಟು ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಕೊಳ್ಳುವುದು. ಧ್ವನಿವರ್ಧಕವನ್ನು 2000ನೆಯ ಇಸವಿಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಹಚ್ಚುವಂತಿಲ್ಲ. ಆದ್ದರಿಂದ ರಾತ್ರಿಯ ಸಂಗೀತದವರಿಗೆ ಹತ್ತರ ನಂತರದ ಗಂಟೆಗಳಿಗೆ ಹಣ ಒಪ್ಪಿಕೊಳ್ಳಬಾರದು.

ಲಗ್ನಪತ್ರಿಕೆಗೆ ಛತ್ತಾಬಜಾರಿನ ಮುದ್ರಣದ ಅಂಗಡಿಗಳು ಪ್ರಸಿದ್ಧ. ಅಲ್ಲಿ ಉರ್ದು, ತೆಲುಗು, ಇಂಗ್ಲಿಷು ಸಲೀಸು. ಕನ್ನಡ ಹಚ್ಚಿಸುವಾಗ ಮಾತ್ರ ಕರಡನ್ನು ನಾವೇ ಓದಬೇಕು. ತೆಲುಗು ಕನ್ನಡ ಲಿಪಿಗಳು ಅಕ್ಕತಂಗಿಯರಾದುದರಿಂದ ತಲೆಕಟ್ಟು ಅದಲುಬದಲಾದರೆ ಜೋಡಿಸುವವರ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಊರಿನ ಅಜ್ಜನ ಕಣ್ಣಿಗೆ ಮೊದಲು ಕಾಣುತ್ತದೆ. ಪತ್ರಿಕೆಯಲ್ಲಿ ಮಂಟಪದ ಹೆಸರು, ಬಡಾವಣೆ, ದಿನಾಂಕಗಳನ್ನು ಇಂಗ್ಲಿಷಿನಲ್ಲಿಯೂ ಒಂದು ಸಾಲು ಹಚ್ಚಿಸಿರಿ. ಈ ರಾಜ್ಯದಲ್ಲಿ ಮದುವೆಯ ನೋಂದಣಿ 2002ರ ಕಾಯಿದೆಯಿಂದ ಕಡ್ಡಾಯವಾಗಿದೆ. ನೋಂದಣಿ ಕಚೇರಿಯಲ್ಲಿ ಪತ್ರಿಕೆ, ಮದುವೆಯ ಫೋಟೊ, ವಯಸ್ಸಿನ ಮತ್ತು ವಿಳಾಸದ ದಾಖಲೆಗಳು, ಸಾಕ್ಷಿಗಳು ಬೇಕಾಗುವರು. ಬೇರೆ ರಾಜ್ಯದ ವಿಳಾಸವಿರುವವರಿಗೆ ಮಂಟಪದ ರಸೀತಿಯೂ ಒಂದು ಆಧಾರವಾಗಿ ಕೈಯಲ್ಲಿರಲಿ.

ಕಡೆಯದಾಗಿ ಮಂಟಪ ಖಾಲಿ ಮಾಡುವ ಹೊತ್ತಿನ ಕೆಲಸ. ಹೆಣ್ಣನ್ನು ಕಳುಹಿಸಿಕೊಡುವ ಗಳಿಗೆಯಲ್ಲಿ ಮನೆಯವರೆಲ್ಲ ಬಾಗಿಲಲ್ಲಿ ಅಳುತ್ತ ನಿಂತಿರುವರು. ಮೀಟರು ನೋಡುವವರು, ಪಾತ್ರೆ ಎಣಿಸುವವರು ಯಾರೂ ಇರುವುದಿಲ್ಲ. ಅದಕ್ಕೆಂದೇ ಒಬ್ಬರನ್ನು ಮೊದಲೇ ನೇಮಿಸಬೇಕು. ಕೀಲಿಕೈ ಪಡೆದಾಗ ಮೀಟರಿನ ಅಂಕಿಯನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟು, ಕೊಡುವಾಗ ಮತ್ತೊಂದು ಚಿತ್ರ ತೆಗೆಯಲಿ. ಎಣಿಸಿ ಪಡೆದ ಕುರ್ಚಿ, ಹಾಸಿಗೆ, ಕೊಳಗಗಳನ್ನು ಎಣಿಸಿ ಒಪ್ಪಿಸಲಿ. ಠೇವಣಿಯ ಹಣವನ್ನು 'ನಾಳೆ ಬನ್ನಿ' ಎಂದರೆ ಒಪ್ಪದೆ, ಅಂದೇ ರಸೀತಿಯ ಮೇಲೆ ಬರೆಯಿಸಿಕೊಂಡು ಪಡೆದು, ಊರಿನ ಕೊನೆಯ ಬಸ್ಸು ಇಮ್ಲಿಬನ್ ಬಿಡುವ ಮುನ್ನ ಮನೆಯ ಯಜಮಾನರ ಕೈಗೆ ಕೊಡಲಿ.